ಕಬ್ಬಿನ ಹಾಲು ತಿಳಿಯಾಗುವ ಬಗೆ

ಹಬ್ಬದ ಹೋಳಿಗೆಯಿಂದ ಹಿಡಿದು ದಿನದ ಸಾರಿನವರೆಗೆ ನಮ್ಮ ಅಡಿಗೆಮನೆಯಲ್ಲಿ ಬೆಲ್ಲಕ್ಕೆ ಸಲ್ಲುವ ಮರ್ಯಾದೆ ದೊಡ್ಡದು. ಆದರೆ ಅಂಗಡಿಯಲ್ಲಿ ನಾವು ಬೆಲ್ಲವನ್ನು ಆರಿಸುವುದು ಕಣ್ಣಿನಿಂದಲೇ ಹೊರತು ನಾಲಗೆಯಿಂದಲ್ಲ. ಹಳದಿಯಾಗಿ ಹೊಳೆಯುವ ಅಚ್ಚು ಶುದ್ಧವೆಂದೂ, ಕಂದುಬಣ್ಣದ್ದು ಕೊಳೆಯುಳ್ಳದ್ದೆಂದೂ ಅನೇಕ ಗೃಹಿಣಿಯರು ನಂಬಿರುವರು. ಈ ನಂಬಿಕೆ ಸರಿಯೋ ತಪ್ಪೋ ಎಂಬುದನ್ನು ನಿರ್ಣಯಿಸಬೇಕಾದರೆ ಆಲೆಮನೆಯ ಕೊಪ್ಪರಿಗೆಯಲ್ಲಿ ನಡೆಯುವುದೇನೆಂಬುದನ್ನು ಅರಿಯುವುದು ಅವಶ್ಯಕ.

ಮಂಡ್ಯದ ಸೀಮೆ ಬೆಲ್ಲಕ್ಕೆ ಹೆಸರಾದುದು. ಶ್ರೀರಂಗಪಟ್ಟಣ, ಪಾಂಡವಪುರಗಳ ಗದ್ದೆಗಳಿಗೆ ಕಾವೇರಿಯ ನಾಲೆಗಳೂ, ಕೃಷ್ಣರಾಜಪೇಟೆಯ ಗದ್ದೆಗಳಿಗೆ ಹೇಮಾವತಿಯೂ ನೀರೊದಗಿಸುತ್ತವೆ. ನಾಗಮಂಗಲವು ಬಹುಮಟ್ಟಿಗೆ ರಾಗಿಯ ನಾಡಾದರೂ ನೀರಿನ ಆಸರೆಯಿದ್ದಲ್ಲಿ ಕಬ್ಬು ಬೆಳೆಯುವುದುಂಟು. ಬೆಲ್ಲವನ್ನು ಶುದ್ಧಿಮಾಡಬೇಕೆಂಬ ಹಂಬಲವೂ ಇಲ್ಲಿ ಹೊಸದಲ್ಲ. ಶ್ರೀರಂಗಪಟ್ಟಣದ ನೆರೆಯ ಪಾಲಹಳ್ಳಿಯಲ್ಲಿ ೧೮೪೭ರಲ್ಲಿಯೇ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆಯೊಂದು ಸ್ಥಾಪಿತವಾಗಿ, ರೈತರು ಕಾಯಿಸಿದ ಬೆಲ್ಲವನ್ನು ಕೊಂಡು ಸಕ್ಕರೆಯಾಗಿ ಶೋಧಿಸುತ್ತಿತ್ತು. ಆ ಕಾರ್ಖಾನೆ ಕಾಲವಶವಾಯಿತು; ೧೯೩೩ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪೆನಿ ಹುಟ್ಟಿತು; ತರುವಾಯ ಪಾಂಡವಪುರ, ಮಾಕವಳ್ಳಿಗಳಲ್ಲಿಯೂ ಕಾರ್ಖಾನೆಗಳು ಬಂದುವು. ಇಷ್ಟಾದರೂ ಆಲೆಮನೆಯ ಒಲೆ ಆರಲಿಲ್ಲ.

ಕಬ್ಬಿನ ರಸಕ್ಕೆ ಆಲೆಮನೆಯಲ್ಲಿ ಹಾಲೆಂದು ಹೆಸರು. ಗಾಣದಿಂದ ಸುರಿಯುವಾಗ ಅದು ಬೂದುಹಸಿರಾಗಿ ಮಬ್ಬಾಗಿರುವುದು. ಸಿಹಿಯೊಡನೆ ಸಿಪ್ಪೆಯ ನವುರಾದ ಎಳೆಗಳು, ಮಣ್ಣಿನ ಕಣಗಳು, ಕಬ್ಬಿನ ಮೈಮೇಲಿನ ಮೇಣ, ಅಂಟು, ಸಸಾರಜನಕವೆಂಬ ಪ್ರೋಟೀನು, ಇವೆಲ್ಲವೂ ಅದರಲ್ಲಿ ಬೆರೆತಿರುತ್ತವೆ. ಬಟ್ಟೆಯಲ್ಲಿ ಸೋಸಿದರೆ ದಪ್ಪ ಕಸವು ನಿಲ್ಲುವುದೇ ಹೊರತು ಮಬ್ಬು ಹೋಗದು. ಅತಿಸೂಕ್ಷ್ಮವಾದ ಕಣಗಳು ಬಟ್ಟೆಯ ಕಣ್ಣುಗಳಲ್ಲಿ ನುಸುಳಿ ಹೋಗುತ್ತವೆ. ಅವುಗಳನ್ನು ಒಂದಕ್ಕೊಂದು ಅಂಟಿಸಿ ದೊಡ್ಡದಾಗಿಸಿದಲ್ಲದೆ ಬೇರ್ಪಡಿಸಲಾಗದು. ತಿಳಿಗೊಳಿಸುವ ವಿದ್ಯೆಯ ಸಾರವೆಲ್ಲ ಇಷ್ಟೇ.

ಇದಕ್ಕೆ ಮೊದಲನೆಯ ಸಾಧನ ಬೆಂಕಿ. ಹಾಲು ಕಾದು ಕುದಿಯುವುದಕ್ಕೆ ಮುಂಚೆ, ಸುಮಾರು ೮೦-೮೫ ಡಿಗ್ರಿ ಸೆಂಟಿಗ್ರೇಡಿನಲ್ಲಿ, ಪ್ರೋಟೀನು ಹೆಪ್ಪುಗಟ್ಟಿ ಮೇಣವನ್ನೂ ಮಣ್ಣನ್ನೂ ಸೆಳೆದುಕೊಂಡು ಕಪ್ಪುಬಣ್ಣದ ಕೆನೆಯಂತೆ ಮೇಲಕ್ಕೇಳುವುದು. ಉರಿ ಅತಿಯಾಗಿ ಹಾಲು ಕುದಿಯತೊಡಗಿತೋ, ಆ ಕೆನೆ ಒಡೆದು ಮತ್ತೆ ರಸದಲ್ಲಿ ಕಲಸಿಹೋಗುವುದು. ಆಮೇಲೆ ಎಷ್ಟು ಶ್ರಮಪಟ್ಟರೂ ಪೂರ್ಣ ತಿಳಿ ದೊರೆಯದು. ಆದಕಾರಣ ಒಲೆಗೆ ಸಿಪ್ಪೆ ಹಾಕುವವನ ತಾಳ್ಮೆಯ ಮೇಲೆಯೇ ಬೆಲ್ಲದ ಯೋಗ್ಯತೆ ಬಹುಮಟ್ಟಿಗೆ ನಿಂತಿದೆ.

ಎರಡನೆಯ ಸಾಧನ ನಮಗೆಲ್ಲ ಪರಿಚಿತವಾದ ಬೆಂಡೆ. ಬೆಂಡೆಯ ಗಿಡವನ್ನೋ ಕಾಯನ್ನೋ ಜಜ್ಜಿ ನೀರಿನಲ್ಲಿ ನೆನೆಯಿಟ್ಟರೆ ಲೋಳೆ ಬಿಡುವುದು. ಆ ಲೋಳೆಯನ್ನು ಬೆಚ್ಚಗಾದ ಹಾಲಿಗೆ ಬೆರೆಸಿದರೆ ಅದು ಬಲೆಯಂತೆ ಹರಡಿ ಸೂಕ್ಷ್ಮ ಕಣಗಳನ್ನು ಹಿಡಿದು ಮೇಲಕ್ಕೆ ತರುತ್ತದೆ. ಪಶ್ಚಿಮ ದೇಶಗಳಲ್ಲಿ ಮನೆಯಲ್ಲಿಯೇ ಬಿಯರು ಕಾಯಿಸುವವರಿಗೂ ಮಬ್ಬಿನ ಕಾಟ ತಪ್ಪಿದ್ದಲ್ಲ. ಅವರು ಕುದಿಯುವ ಯವರಸಕ್ಕೆ ಕಡಲ ಪಾಚಿಯ ಒಂದು ಜಾತಿಯನ್ನು ಹಾಕುತ್ತಾರೆ. ಅದರ ಲೋಳೆಯೂ ಪ್ರೋಟೀನನ್ನು ಹಿಡಿದು ಅಡಿಗಿಳಿಸುವುದು. ಇಲ್ಲಿ ಮಲಿನವು ತೇಲುವುದು, ಅಲ್ಲಿ ಮುಳುಗುವುದು. ತತ್ತ್ವ ಮಾತ್ರ ಒಂದೇ.

ಮೂರನೆಯದು ಸುಣ್ಣದ ತಿಳಿ. ಕಬ್ಬಿನ ಹಾಲು ಸ್ವಭಾವತಃ ಸ್ವಲ್ಪ ಹುಳಿ. ಸುಣ್ಣವು ಆ ಹುಳಿಯನ್ನು ತಗ್ಗಿಸಿ ಕಲ್ಮಶ ಹೆಪ್ಪುಗಟ್ಟಲು ನೆರವಾಗುವುದಲ್ಲದೆ, ಬೆಲ್ಲ ಗಟ್ಟಿಯಾಗಿ ಕೂಡುವಂತೆಯೂ ಮಾಡುವುದು. ಆದರೆ ಮಿತಿ ಮೀರಿದರೆ ಬೆಲ್ಲ ಕಪ್ಪಾಗುವುದು, ರುಚಿ ಕೆಡುವುದು.

ಮೇಲೆದ್ದ ಕಲ್ಮಶವನ್ನು ಜಾಲರಿಯಿಂದ ಎತ್ತಿ ಎತ್ತಿ ತೆಗೆದ ಮೇಲೆ ಉಳಿಯುವುದು ಜೇನಿನ ಬಣ್ಣದ ತಿಳಿರಸ. ಇನ್ನು ಉರಿಯನ್ನು ಹೆಚ್ಚಿಸಬಹುದು. ಪಾಕ ಸುಮಾರು ೧೧೮ ಡಿಗ್ರಿಗೆ ಬಂದು, ತಣ್ಣೀರಿಗೆ ಬಿಟ್ಟ ತೊಟ್ಟು ಉಂಡೆಕಟ್ಟಿದರೆ ಕೊಪ್ಪರಿಗೆಯನ್ನು ಇಳಿಸಿ ಅಚ್ಚಿಗೆ ಹೊಯ್ಯುವರು. ೧೦೦ ಕಿಲೋ ಕಬ್ಬಿಗೆ ದೊರೆಯುವ ಬೆಲ್ಲ ಸುಮಾರು ೧೦ ಕಿಲೋ ಮಾತ್ರ. ಕಡಿದ ಕಬ್ಬನ್ನು ದಿನಗಟ್ಟಲೆ ಒಣಗಲು ಬಿಟ್ಟರೆ, ಅಥವಾ ಹಿಂಡಿದ ಹಾಲನ್ನು ಕಾಯಿಸದೆ ಇಟ್ಟರೆ, ಅದು ಹುಳಿಯೇರಿ ಈ ಶ್ರಮವೆಲ್ಲ ವ್ಯರ್ಥವಾಗುವುದು.

ಇಷ್ಟು ತಿಳಿಯಾದ ರಸದ ಬೆಲ್ಲವೂ ಬೆಳ್ಳಗಿರುವುದಿಲ್ಲವೆಂಬುದನ್ನು ಓದುಗರು ಮನಗಾಣಬೇಕು. ಕಬ್ಬಿನ ಜಾತಿ, ಮಣ್ಣು, ಪಾಕದ ಕಾವು, ಇವಕ್ಕೆ ತಕ್ಕಂತೆ ಅದು ಹೊಂಬಣ್ಣದಿಂದ ಕಂದಿನವರೆಗೆ ಬದಲಾಗುವುದು. ತಿಳಿಯೇ ಬೇರೆ, ಬಿಳುಪೇ ಬೇರೆ. ಆದರೆ ಮಾರುಕಟ್ಟೆ ಬಿಳುಪಿಗೆ ಬೆಲೆ ಕಟ್ಟಿದಾಗ ಬಡ ಆಲೆಮನೆಯವನು ಮಾಡುವುದೇನು? ಹೈಡ್ರೋಸ್ ಎಂಬ ಗಂಧಕದ ಲವಣವನ್ನು ಒಂದು ಹಿಡಿ ಹಾಕಿದರೆ ಕಪ್ಪಾದ ಪಾಕವೂ ಕ್ಷಣದಲ್ಲಿ ಹಳದಿಯಾಗುವುದು. ಇದು ಕಲ್ಮಶವನ್ನು ಹೊರಹಾಕುವುದಿಲ್ಲ. ಅದರ ಬಣ್ಣವನ್ನು ಮಾತ್ರ ಅಳಿಸುವುದು. ಕೆಲವು ದಿನ ಗಾಳಿಗೆ ಬಿದ್ದರೆ ಬಣ್ಣ ಮತ್ತೆ ಮರಳುವುದು. ಗಂಧಕದ ಶೇಷ ಮಾತ್ರ ಬೆಲ್ಲದಲ್ಲಿ ಉಳಿಯುವುದು. ಉಬ್ಬಸವುಳ್ಳ ಕೆಲವರಿಗೆ ಅಂತಹ ಶೇಷ ತೊಂದರೆ ಕೊಡುವುದುಂಟು. ಗಂಟೆಗಟ್ಟಲೆ ಒಲೆಯ ಮುಂದೆ ಬೆಂದು ಕಲ್ಮಶವೆತ್ತಿದವನ ಕಂದು ಬೆಲ್ಲವು ಅಂಗಡಿಯ ಮೂಲೆಯಲ್ಲಿ ಕುಳಿತು, ಒಂದು ಹಿಡಿ ಮದ್ದಿನ ಬೆಲ್ಲ ಮುಂದೆ ಮೆರೆಯುವುದಾದರೆ, ಆ ಅನ್ಯಾಯದಲ್ಲಿ ಕೊಳ್ಳುವ ನಮ್ಮ ಪಾಲೂ ಇದೆ.

ಹಾಗಾದರೆ ಮನೆಯವರು ಮಾಡತಕ್ಕದ್ದೇನು? ಒಂದು ತುಂಡು ಬೆಲ್ಲವನ್ನು ಗಾಜಿನ ಲೋಟದ ಬಿಸಿನೀರಿನಲ್ಲಿ ಕರಗಿಸಿ ಅರ್ಧ ಗಂಟೆ ಅಲುಗಿಸದೆ ಇಡಿರಿ. ನೀರು ಕಂದಾಗಿದ್ದರೂ ತಿಳಿಯಾಗಿ, ತಳದಲ್ಲಿ ಮಡ್ಡಿ ಅಲ್ಪವಾಗಿದ್ದರೆ, ಹಾಲಿನ ಕಲ್ಮಶವನ್ನು ಚೆನ್ನಾಗಿ ತೆಗೆದಿರುವರೆಂದು ಎಣಿಸಬಹುದು. ಹೈಡ್ರೋಸನ್ನು ಈ ಪರೀಕ್ಷೆ ಹಿಡಿಯಲಾರದು; ಅದು ಪ್ರಯೋಗಶಾಲೆಯ ಕೆಲಸ. ಆದುದರಿಂದ ಅಸಹಜವಾಗಿ ಬೆಳ್ಳಗಿರುವ ಬೆಲ್ಲವನ್ನು ಅಪೇಕ್ಷಿಸದಿರುವುದೇ ಕ್ಷೇಮ. ಪಾನಕಕ್ಕೂ ಪಾಯಸಕ್ಕೂ ಬೆಲ್ಲವನ್ನು ಮೊದಲು ಕರಗಿಸಿ, ತಂಗಿಸಿ, ಮೇಲಿನ ತಿಳಿಯನ್ನು ತೆಳುಬಟ್ಟೆಯಲ್ಲಿ ಸೋಸಿಕೊಳ್ಳುವ ನಮ್ಮ ಹಿರಿಯರ ಪದ್ಧತಿಯನ್ನು ಬಿಡದಿರಿ.

ಗೃಹಿಣಿ ಕಂದು ಬೆಲ್ಲವನ್ನು ಕೇಳಿ ಕೊಂಡರೆ ಅಂಗಡಿಯವನು ಅದನ್ನೇ ತರಿಸುವನು. ಅಂಗಡಿಯವನು ತರಿಸಿದರೆ ಆಲೆಮನೆಯವನು ಮದ್ದಿನ ಡಬ್ಬಿಯನ್ನು ಬಿಟ್ಟು ಬೆಂಡೆಯ ಲೋಳೆಯನ್ನೂ ಜಾಲರಿಯನ್ನೂ ಹಿಡಿಯುವನು.