ಹತ್ತಿ ಬೀಜದ ಬೆರಕೆ ಪತ್ತೆಗೆ ಜಲಜನಕ ಬಂಧದ ನೆರವು



ಪಾಕೀಟಿನ ಹತ್ತಿ ಬೀಜ ತಂದು ಊರಿದ್ದೀರಿ. ಎರಡು ತಿಂಗಳ ಮೇಲೆ ಹೊಲದಲ್ಲಿ ನಿಂತು ನೋಡಿದರೆ ಒಂದು ಗಿಡ ಎದೆಮಟ್ಟ, ಪಕ್ಕದ್ದು ಮೊಣಕಾಲುಮಟ್ಟ. ಒಂದರ ಎಲೆ ಸೀಳಿದ್ದು, ಇನ್ನೊಂದರದು ಅಗಲವಾದದ್ದು. ಹಾನಗಲ್ ತಾಲ್ಲೂಕಿನ ಆಡೂರಿನ ಸುತ್ತಮುತ್ತ ಹೈಬ್ರಿಡ್ ಹತ್ತಿ ಬೆಳೆಯುವ ನೀವು ಇಂಥ ಹೊಲವನ್ನು ಎಲ್ಲಾದರೂ ಕಂಡಿರಬಹುದು. ಬಿತ್ತುವಾಗ ಎಲ್ಲ ಬೀಜವೂ ಒಂದೇ ತೆರನಾಗಿತ್ತಲ್ಲ, ಬೆರಕೆ ಇದೆಯೆಂದು ಮೊದಲೇ ತಿಳಿಯುವುದು ಹೇಗೆ? ಬರಿಗಣ್ಣಿಗೆ ಇದು ತಿಳಿಯದು. ಪ್ರಯೋಗಾಲಯದಲ್ಲಿ ಮಾತ್ರ ಕೆಲವೇ ದಿನಗಳಲ್ಲಿ ತಿಳಿಯುತ್ತದೆ. ಅದು ಸಾಧ್ಯವಾಗುವುದು ಬೀಜದೊಳಗಿನ ಒಂದು ಅತಿ ಸಣ್ಣ ಬಂಧದಿಂದ.

ಮೊದಲು ಬೆರಕೆ ಎಲ್ಲಿಂದ ಬರುತ್ತದೆ ನೋಡಿ. ನಮ್ಮ ಜಿಲ್ಲೆಯ ರಾಣೆಬೆನ್ನೂರು ಕಡೆ ಹೈಬ್ರಿಡ್ ಹತ್ತಿಯ ಬೀಜೋತ್ಪಾದನೆ ಬಹುಕಾಲದ ಕಸುಬು. ಧಾರವಾಡದಲ್ಲಿ ಡಾ. ಬಿ. ಎಚ್. ಕತಾರ್ಕಿಯವರು 1972ರಲ್ಲಿ ಲಕ್ಷ್ಮಿ ತಳಿಗೆ ಎಸ್.ಬಿ. 289ಇ ತಳಿಯನ್ನು ಕೂಡಿಸಿ ‘ವರಲಕ್ಷ್ಮಿ’ಯನ್ನು ಕೊಟ್ಟ ಮೇಲೆ ಈ ಕೆಲಸ ಬೆಳೆಯಿತು. ಹೆಣ್ಣು ತಳಿಯ ಮೊಗ್ಗುಗಳಿಂದ ಮಧ್ಯಾಹ್ನದ ಮೇಲೆ ಕೇಸರಗಳನ್ನು ಕೈಯಿಂದ ಬಿಡಿಸಿ ತೆಗೆದು, ಮರುದಿನ ಬೆಳಿಗ್ಗೆ ಗಂಡು ತಳಿಯ ಹೂವಿನ ಪರಾಗವನ್ನು ಸವರುತ್ತಾರೆ. ಸಾವಿರಾರು ಮೊಗ್ಗುಗಳಲ್ಲಿ ಯಾವುದೋ ಒಂದರಲ್ಲಿ ನಾಲ್ಕು ಕೇಸರ ಉಳಿದರೆ ಸಾಕು, ಆ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಅದರ ಬೀಜ ಹೈಬ್ರಿಡ್ ಅಲ್ಲ, ಬರೀ ತಾಯಿ ತಳಿ. ಆದರೆ ಪಾಕೀಟಿನಲ್ಲಿ ಅದೂ ಒಂದು ಬೀಜವೇ.

ಈಗ ಬೀಜದೊಳಕ್ಕೆ ಹೋಗೋಣ. ಪ್ರತಿ ಜೀವಕೋಶದಲ್ಲಿಯೂ ಡಿ.ಎನ್.ಎ. ಎಂಬ ಎಳೆಯಿದೆ, ಅದನ್ನು ತಿರುಚಿದ ಏಣಿಯೆಂದು ತಿಳಿಯಿರಿ. ಏಣಿಯ ಎರಡು ಪಕ್ಕಗಳಿಂದಲೂ ಒಳಕ್ಕೆ ಚಾಚಿಕೊಂಡ ನಾಲ್ಕು ಬಗೆಯ ಪ್ರತ್ಯಾಮ್ಲಗಳಿವೆ: ಅಡೆನಿನ್, ಥೈಮಿನ್, ಗ್ವಾನಿನ್, ಸೈಟೊಸಿನ್. ಅಡೆನಿನ್ ಎದುರಿಗೆ ಥೈಮಿನ್, ಗ್ವಾನಿನ್ ಎದುರಿಗೆ ಸೈಟೊಸಿನ್. ವ್ಯಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ಈ ಜೋಡಿಯನ್ನು ಬಿಡಿಸಿ ಹೇಳಿದರು. ರೊಸಾಲಿಂಡ್ ಫ್ರಾಂಕ್ಲಿನ್ ಅವರ ಕ್ಷ-ಕಿರಣ ಚಿತ್ರಗಳಿಲ್ಲದೆ ಅದು ಕಷ್ಟವಿತ್ತು.

ಈ ಜೋಡಿಗಳನ್ನು ಹಿಡಿದಿರುವುದು ಜಲಜನಕ ಬಂಧ. ಕೆಸುವಿನ ಎಲೆಯ ಮೇಲೆ ನೀರು ಹರಡದೆ ಹನಿಯಾಗಿ ಗುಂಡಗೆ ನಿಲ್ಲುತ್ತದಲ್ಲ, ಆ ನೀರಿನ ಕಣಗಳನ್ನು ಒಂದಕ್ಕೊಂದು ಹಿಡಿದಿರುವುದೂ ಇದೇ ಬಂಧ. ಜಲಜನಕದ ಪರಮಾಣು ತನ್ನ ಕಡೆಯ ಸಾರಜನಕಕ್ಕೆ ಗಟ್ಟಿಯಾಗಿ ಅಂಟಿಕೊಂಡೇ, ಎದುರಿನ ಆಮ್ಲಜನಕವನ್ನೋ ಸಾರಜನಕವನ್ನೋ ಸೆಳೆಯುತ್ತದೆ. ಕುಪ್ಪಸದ ಟಿಚ್ ಗುಂಡಿಯ ಹಾಗೆ: ಒಂದೊಂದೇ ಗುಂಡಿ ಸಡಿಲ, ಸಾಲಾಗಿ ಹಾಕಿದರೆ ಬಿಗಿ. ಅಡೆನಿನ್–ಥೈಮಿನ್ ನಡುವೆ ಇಂಥ ಗುಂಡಿ ಎರಡು, ಗ್ವಾನಿನ್–ಸೈಟೊಸಿನ್ ನಡುವೆ ಮೂರು. (ಈ ಮೂರನೆಯದನ್ನು ವ್ಯಾಟ್ಸನ್, ಕ್ರಿಕ್ ಎಣಿಸಿರಲಿಲ್ಲ, ಪಾಲಿಂಗ್ ಮತ್ತು ಕೋರಿ 1956ರಲ್ಲಿ ತೋರಿಸಿದರು. ದೊಡ್ಡವರ ಎಣಿಕೆಯೂ ತಪ್ಪುವುದುಂಟು.) ಗುಂಡಿಗಳ ಸಾಲು ಹೊಂದದ ಕಾರಣ ಅಡೆನಿನ್‌ಗೆ ಸೈಟೊಸಿನ್ ಸರಿಯಾಗಿ ಕೂಡುವುದಿಲ್ಲ. ಏಣಿ ಗಟ್ಟಿಯಾಗಿ ನಿಲ್ಲಲು ಮೆಟ್ಟಿಲ ಮೇಲೆ ಮೆಟ್ಟಿಲು ಒತ್ತಿ ಕೂರುವುದೂ ಒಂದು ಕಾರಣ. ಆದರೆ ಯಾರಿಗೆ ಯಾರು ಜೋಡಿ ಎಂಬುದನ್ನು ಮುಖ್ಯವಾಗಿ ಗೊತ್ತುಮಾಡುವುದು ಈ ಗುಂಡಿಗಳೇ.

ಬಂಧ ಇಷ್ಟು ಸಡಿಲವಾಗಿರುವುದು ದೋಷವೆಂದು ಎಣಿಸಬೇಡಿ. ಬಿಚ್ಚಲು ಬಂದರೆ ತಾನೇ ಪ್ರತಿ ಮಾಡಲು ಬರುವುದು! ಕೋಶ ಒಡೆದು ಎರಡಾಗುವಾಗ ಏಣಿ ಬಿಚ್ಚುತ್ತದೆ, ಒಂದೊಂದು ಪಕ್ಕವೂ ಅಚ್ಚಾಗಿ ಎದುರು ಪಕ್ಕವನ್ನು ಕಟ್ಟಿಕೊಳ್ಳುತ್ತದೆ.

ಪ್ರಯೋಗಾಲಯದವರು ಇದನ್ನೇ ಕೊಳವೆಯಲ್ಲಿ ಮಾಡುತ್ತಾರೆ. ಮೊಳಕೆಯ ಚೂರನ್ನು ಅರೆದು ಡಿ.ಎನ್.ಎ. ತೆಗೆದು ಸುಮಾರು 94 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಗುಂಡಿಗಳೆಲ್ಲ ಬಿಚ್ಚುತ್ತವೆ. 55 ಡಿಗ್ರಿಯ ಆಸುಪಾಸಿಗೆ ಇಳಿಸಿದಾಗ, ಮೊದಲೇ ಬೆರೆಸಿಟ್ಟ ಸುಮಾರು 20 ಅಕ್ಷರಗಳ ಚಿಕ್ಕ ತುಂಡುಗಳು ತಮ್ಮ ಜೋಡಿಯನ್ನು ಹುಡುಕಿ ಅಂಟುತ್ತವೆ. ಹತ್ತಿಯ ಡಿ.ಎನ್.ಎ.ಯಲ್ಲಿ ಇನ್ನೂರು ಕೋಟಿಗೂ ಹೆಚ್ಚು ಜೋಡಿಗಳಿದ್ದರೂ ಈ ತುಂಡು ತನ್ನ ಜಾಗವನ್ನು ಕಂಡುಕೊಳ್ಳುತ್ತದೆ. ನಾಲ್ಕು ಅಕ್ಷರಗಳಿಂದ 20 ಅಕ್ಷರದ ಸಾಲುಗಳನ್ನು ಲಕ್ಷ ಕೋಟಿಗೂ ಮೀರಿದ ಬಗೆಗಳಲ್ಲಿ ಬರೆಯಬಹುದಾದ್ದರಿಂದ ಅದೇ ಸಾಲು ಬೇರೆಡೆ ಸಿಗುವುದು ಅಪರೂಪ. ಆಮೇಲೆ 72 ಡಿಗ್ರಿಯಲ್ಲಿ, ಬಿಸಿನೀರಿನ ಬುಗ್ಗೆಯ ಸೂಕ್ಷ್ಮಾಣುವೊಂದರಿಂದ ಬಂದ ಕಿಣ್ವ ಉಳಿದ ಭಾಗವನ್ನು ತುಂಬುತ್ತದೆ. ಒಂದು ಸುತ್ತಿಗೆ ಒಂದು ಎರಡಾಗುತ್ತದೆ. ಹೀಗೆ 30 ಸುತ್ತು ದ್ವಿಗುಣವಾದರೆ ಲೆಕ್ಕದಲ್ಲಿ 107 ಕೋಟಿ. ಕೇರಿ ಮುಲ್ಲಿಸ್ 1983ರಲ್ಲಿ ಹೊಳೆಯಿಸಿಕೊಂಡ ಈ ವಿಧಾನಕ್ಕೆ ಪಿ.ಸಿ.ಆರ್. ಎಂದು ಹೆಸರು.

ತಾಯಿ ತಳಿಯಲ್ಲಿ ಆರಿಸಿಕೊಂಡ ತುಂಡು ಉದ್ದವಾಗಿದ್ದು ತಂದೆಯಲ್ಲಿ ಗಿಡ್ಡವಾಗಿದ್ದರೆ, ವಿದ್ಯುತ್ ಹರಿಸಿದ ಜೆಲ್ಲಿನಲ್ಲಿ ಗಿಡ್ಡದ್ದು ಮುಂದೆ ಓಡುತ್ತದೆ. ನಿಜವಾದ ಹೈಬ್ರಿಡ್ ಬೀಜದಲ್ಲಿ ಎರಡೂ ಗೆರೆ, ಬರೀ ತಾಯಿಯ ಬೀಜದಲ್ಲಿ ಒಂದೇ ಗೆರೆ. ಹೊಲದಲ್ಲಿ ಬೆಳೆದು ನೋಡುವ ಪರೀಕ್ಷೆಗೆ ಒಂದು ಹಂಗಾಮು ಬೇಕು. ಅಷ್ಟರಲ್ಲಿ ಬಿತ್ತನೆಯ ಕಾಲ ಕಳೆದಿರುತ್ತದೆ. ಹಾಗೆಂದು ಇದೇ ಎಲ್ಲವೂ ಅಲ್ಲ. ಒಂದೊಂದೇ ಬೀಜವನ್ನು ಬೇರೆಬೇರೆಯಾಗಿ ಪರೀಕ್ಷಿಸಬೇಕು, ಖರ್ಚಿದೆ, ಆರಿಸಿದ ಗುರುತು ತಪ್ಪಿದರೆ ಉತ್ತರವೂ ತಪ್ಪು. ಮೊಳಕೆಯ ಪ್ರಮಾಣವನ್ನೂ ಇದು ಹೇಳುವುದಿಲ್ಲ. ಅದಕ್ಕೆ ನೂರು ಬೀಜ ಎಣಿಸಿ ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟು ನೋಡುವುದನ್ನು ನೀವು ಬಲ್ಲಿರಿ.

ಬಿತ್ತುವಾಗ ಇಷ್ಟು ಮಾಡಿ. ಪಾಕೀಟನ್ನು ಚೀಟಿಯಿರುವ ಕಡೆ ಹರಿಯದೆ ಇನ್ನೊಂದು ತುದಿಯಿಂದ ಬಿಚ್ಚಿ. ಲಾಟ್ ನಂಬರು ಕಾಣುವಂತೆ ಅದನ್ನೂ ರಸೀದಿಯನ್ನೂ ಬೆಳೆ ಮುಗಿಯುವವರೆಗೆ ಇಟ್ಟುಕೊಳ್ಳಿ. ಒಂದು ಹಿಡಿ ಬೀಜವನ್ನು ಅದೇ ಪಾಕೀಟಿನಲ್ಲಿ ಒಣಗಿದ ಜಾಗದಲ್ಲಿ ಉಳಿಸಿ. ಹೊಲದಲ್ಲಿ ಬೆರಕೆ ಕಂಡರೆ ಗಿಡ ಕೀಳದೆ ಕೃಷಿ ಇಲಾಖೆಯವರನ್ನು ಕರೆದು ತೋರಿಸಿ.