ಹಾಲ್ಲಾ ಎಂಬ ಕುದುರೆಯೂ ಅದರ ಸವಾರನೂ

ಬೇಲಿ, ಗೋಡೆ, ನೀರ್ಗಾಲುವೆಗಳ ಮೇಲೆ ಕುದುರೆಯನ್ನು ಹಾರಿಸುವ ಪಂದ್ಯದಲ್ಲಿ ಸವಾರನ ಪಾಲೆಷ್ಟು, ಕುದುರೆಯ ಪಾಲೆಷ್ಟು? ಜರ್ಮನಿಯ ಹಾನ್ಸ್ ಗುಂಟರ್ ವಿಂಕ್ಲರನ ಚರಿತ್ರೆಯು ಇದಕ್ಕೆ ತಕ್ಕ ಉತ್ತರವೆಂದು ನಾವು ಭಾವಿಸುತ್ತೇವೆ.

1926ರಲ್ಲಿ ಜನಿಸಿದ ಈತನು, ಹಠಮಾರಿಯೆಂದು ಹೆಸರಾಗಿದ್ದ ಹಾಲ್ಲಾ ಎಂಬ ಹೆಣ್ಣುಕುದುರೆಯನ್ನು ಸಹನೆಯಿಂದ ಪಳಗಿಸಿದನು. 1954, 1955ರಲ್ಲಿ ಜಗದ್ವಿಜೇತನೆನಿಸಿದನು. 1956ರ ಒಲಿಂಪಿಕ್ ಕೂಟವು ಆಸ್ಟ್ರೇಲಿಯಾದಲ್ಲಿ ನಡೆದರೂ, ಆ ದೇಶವು ಹೊರಗಿನ ಪಶುಗಳಿಗೆ ವಿಧಿಸಿದ್ದ ನಿರ್ಬಂಧಗಳ ದೆಸೆಯಿಂದ ಅಶ್ವಪಂದ್ಯಗಳು ಮಾತ್ರ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಜರುಗಿದವು. ಅಲ್ಲಿ ಮೊದಲನೆಯ ಸುತ್ತು ಮುಗಿಯುವಷ್ಟರಲ್ಲಿ ವಿಂಕ್ಲರನ ತೊಡೆಸಂದಿಯ ಸ್ನಾಯು ಹರಿಯಿತು. ತಂಡದಲ್ಲಿದ್ದವರು ಮೂವರೇ, ಆತನು ಹಿಂದೆಗೆದರೆ ಉಳಿದಿಬ್ಬರ ಶ್ರಮವೂ ವ್ಯರ್ಥ. ಆದುದರಿಂದ ಎರಡನೆಯ ಸುತ್ತಿಗೆ ನೋವಿನಲ್ಲಿಯೇ ಜೀನನ್ನೇರಿದನು. ಎಂದಿನಂತೆ ಸಂಜ್ಞೆ ಕೊಡಲಾರದ ಒಡೆಯನನ್ನು ಹೊತ್ತು ಹಾಲ್ಲಾ ಒಂದು ತೊಲೆಯನ್ನೂ ಕೆಡವದೆ ಸುತ್ತನ್ನು ಪೂರೈಸಿತು! ವಿಂಕ್ಲರನಿಗೂ ತಂಡಕ್ಕೂ ಚಿನ್ನದ ಪದಕಗಳು ದೊರೆತವು.

ಆತನು 1960, 1964, 1972ರಲ್ಲಿಯೂ ತಂಡದೊಡನೆ ಚಿನ್ನವನ್ನು ಗಳಿಸಿ, 2018ರಲ್ಲಿ ಕಾಲವಾದನು. ಆದರೂ ಜನರು ಇಂದಿಗೂ ನೆನೆಯುವುದು ಆ ಒಂದು ಸುತ್ತನ್ನೇ. ಮೂಕಪ್ರಾಣಿಯಲ್ಲಿ ದಿನದಿನವೂ ಕೂಡಿಟ್ಟ ವಿಶ್ವಾಸವು ಕಷ್ಟಕಾಲದಲ್ಲಿ ಬಡ್ಡಿಸಹಿತ ಹಿಂದಿರುಗುವುದೆಂಬುದನ್ನು, ಮನೆಯಲ್ಲಿ ದನಕರುಗಳನ್ನು ಸಾಕಿದ ನಮ್ಮ ವಾಚಕರಿಗೆ ನಾವು ಹೇಳಬೇಕಾದುದಿಲ್ಲ.