ರೋಮಿನ ಗೋಡೆಯಾಚೆಯ ಬಟ್ಟೆ ಸಂತೆ

ಅಕ್ಟೋಬರ್ ತಿಂಗಳ ರೋಮಿನಲ್ಲಿ ಪ್ರವಾಸಿ ಯಾರು, ಊರಿನವರು ಯಾರು ಎಂದು ಬಟ್ಟೆ ನೋಡಿದರೇ ಗೊತ್ತಾಗುತ್ತದೆ. ಬಿಸಿಲಿದೆಯಲ್ಲ ಎಂದು ಪ್ರವಾಸಿಗರು ಚಡ್ಡಿ, ರಬ್ಬರ್ ಚಪ್ಪಲಿಯಲ್ಲಿ ಓಡಾಡುತ್ತಿರುತ್ತಾರೆ. ಊರಿನವರು ಆಗಲೇ ತೆಳು ಉಣ್ಣೆಯ ಕೋಟಿಗೆ, ಕುತ್ತಿಗೆಯ ಸ್ಕಾರ್ಫಿಗೆ, ಪಾಲಿಶ್ ಮಾಡಿದ ಷೂಗಳಿಗೆ ಬಂದುಬಿಟ್ಟಿರುತ್ತಾರೆ. ಬಸ್ಸಿಗೆ ಕಾಯುತ್ತಿರುವ ಎಪ್ಪತ್ತರ ಅಜ್ಜನ ಕೋಟೂ ಭುಜಕ್ಕೆ ಸರಿಯಾಗಿ ಕೂತಿರುತ್ತದೆ. ಇವರೆಲ್ಲ ಸಾವಿರಾರು ಯೂರೋ ಸುರಿದು ಬಟ್ಟೆ ಕೊಳ್ಳುವವರಲ್ಲ. ಕಡಿಮೆ ದುಡ್ಡಿನಲ್ಲಿ ಚೆನ್ನಾಗಿ ಕಾಣುವುದು ಹೇಗೆಂದು ಈ ಊರಿಗೆ ಗೊತ್ತು. ಆ ವಿದ್ಯೆಯ ಒಂದು ಪಾಠಶಾಲೆ ಸ್ಯಾನ್ ಜೊವಾನ್ನಿ ಮೆಟ್ರೊ ನಿಲ್ದಾಣದ ಪಕ್ಕದಲ್ಲೇ ಇದೆ: ವಿಯಾ ಸಾನ್ನಿಯೋ ಬಟ್ಟೆ ಸಂತೆ.

ಸಂತೆಯ ಬೆನ್ನಿಗೆ ಚಕ್ರವರ್ತಿ ಆರೇಲಿಯನ್ ಕ್ರಿ.ಶ. 271ರಲ್ಲಿ ಕಟ್ಟಿಸಲು ತೊಡಗಿದ ಕೋಟೆಗೋಡೆ. ಪಕ್ಕದ ಸ್ಯಾನ್ ಜೊವಾನ್ನಿ ಹೆಬ್ಬಾಗಿಲು 1574ರಲ್ಲಿ ಪೋಪ್ ಹದಿಮೂರನೇ ಗ್ರೆಗರಿ ಕಾಲದ್ದು. ಬಾಗಿಲು ದಾಟಿದರೆ ಲ್ಯಾಟರನ್ ಬಸಿಲಿಕಾ. ಪೋಪ್ ವ್ಯಾಟಿಕನ್‌ನಲ್ಲಿದ್ದರೂ ರೋಮ್ ಬಿಷಪ್ಪರ ಪ್ರಧಾನ ದೇಗುಲ ಇದೇ. ಮೆಟ್ರೊದ ಸಿ ಮಾರ್ಗ ಇಲ್ಲಿಗೆ ಬಂದದ್ದು 2018ರಲ್ಲಿ. ಅಗೆಯುವಾಗ ಸಿಕ್ಕ ಪ್ರಾಚೀನ ತೋಟದ ಅವಶೇಷಗಳನ್ನು ನಿಲ್ದಾಣದೊಳಗೇ ಗಾಜಿನ ಪೆಟ್ಟಿಗೆಗಳಲ್ಲಿ ಇಟ್ಟಿದ್ದಾರೆ. ಇಷ್ಟು ಇತಿಹಾಸ ಫಲಕಗಳಲ್ಲಿ ಸಿಗುತ್ತದೆ. ಬಟ್ಟೆ ಸಂತೆಯ ಬಗ್ಗೆ ಮಾತ್ರ ಯಾವ ಫಲಕವೂ ನನ್ನ ಕಣ್ಣಿಗೆ ಬೀಳಲಿಲ್ಲ.

ಒಳಗೆ ಹೊಕ್ಕ ತಕ್ಷಣ ಸಿಗುವುದು ಹೊಸ ಮಾಲು: ಜೀನ್ಸ್, ಕಾಲುಚೀಲ, ಸೂಟ್‌ಕೇಸ್, ಚರ್ಮದ ಜಾಕೆಟ್, ಸೈನಿಕರ ಹಸಿರು ಪ್ಯಾಂಟು. ಇಲ್ಲಿ ನಿಲ್ಲಬೇಕಾಗಿಲ್ಲ, ಇಂಥದ್ದು ಎಲ್ಲ ಊರಲ್ಲೂ ಇದೆ. ಹಿಂದಿನ ಸಾಲುಗಳಿಗೆ ಹೋಗಬೇಕು. ಅಲ್ಲಿ ಉಟ್ಟು ಬಿಟ್ಟ ಬಟ್ಟೆಗಳ ರಾಶಿ. ಮೇಜಿನ ಮೇಲಿನ ಸ್ವೆಟರ್ ಯಾವುದಾದರೂ 5 ಯೂರೋ, ತೂಗುಹಾಕಿದ ಉಣ್ಣೆ ಕೋಟು 25ರಿಂದ 30. ಅಂದರೆ ನಮ್ಮ ಮೂರು ಸಾವಿರ ರೂಪಾಯಿಯ ಆಸುಪಾಸು.

ಕೋಟು ಮಾರುವ ಮುದುಕರೊಬ್ಬರು ನನ್ನನ್ನು ಅರ್ಧ ದಿನ ಹಿಡಿದಿಟ್ಟುಕೊಂಡರು. ಅವರಿಗೆ ಇಂಗ್ಲಿಷ್ ಬಾರದು, ನನಗೆ ಇಟಾಲಿಯನ್ ಬಾರದು. ಪಕ್ಕದ ಅಂಗಡಿಯ ಬಾಂಗ್ಲಾದೇಶಿ ಹುಡುಗ ನಡುವೆ ಬಂದು ಹಿಂದಿಯಲ್ಲಿ ದುಭಾಷಿಯಾದ. “ದೀದಿ, ಇವರು ಮಾತಿಗೆ ಶುರುವಿಟ್ಟರೆ ನಿಲ್ಲಿಸುವುದಿಲ್ಲ, ನೀವೇ ಹೊರಡಬೇಕು” ಎಂದು ಮೊದಲೇ ಎಚ್ಚರಿಸಿದ್ದ. ನಾನು ಹೊರಡಲಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕನ್ ಸೈನಿಕರ ಕಂಬಳಿ, ಅಂಗಿಗಳನ್ನು ಮಾರಿ ತಮ್ಮ ತಾಯಿ ಸಂಸಾರ ನಡೆಸಿದ ಕಥೆಯಿಂದ ಶುರು ಮಾಡಿದವರು, ಕೋಟು ಆರಿಸುವ ಪಾಠಕ್ಕೆ ಬಂದರು.

ಬಣ್ಣ ನೋಡಬಾರದು, ಮೊದಲು ಒಳಗಿನ ಪಟ್ಟಿ ನೋಡಬೇಕು. ಯುರೋಪಿನಲ್ಲಿ ಬಟ್ಟೆಯಲ್ಲಿ ಯಾವ ನೂಲು ಎಷ್ಟು ಪಾಲಿದೆಯೆಂದು ಪಟ್ಟಿಯಲ್ಲಿ ಬರೆಯುವುದು ಕಡ್ಡಾಯ. ಲಾನಾ ಎಂದರೆ ಉಣ್ಣೆ, ಸೇತಾ ಎಂದರೆ ರೇಷ್ಮೆ, ಲೀನೋ ಎಂದರೆ ನಾರುಬಟ್ಟೆ. ಪಾಲಿಯೆಸ್ಟರ್ ಕಂಡರೆ ಕೆಳಗಿಡಬೇಕು. ಆಮೇಲೆ ಕೋಟನ್ನು ಬೆಳಕಿಗೆ ಹಿಡಿಯಬೇಕು, ಹುಳು ತಿಂದ ತೂತಿದ್ದರೆ ಅಲ್ಲೇ ಕಾಣುತ್ತದೆ. ಬಳಿಕ ಭುಜ. ಸೊಂಟ, ತೋಳಿನ ಉದ್ದ ಯಾವ ದರ್ಜಿಯೂ ಸರಿಮಾಡುತ್ತಾನೆ. ಭುಜ ಸರಿಮಾಡಬೇಕಾದರೆ ಕೋಟನ್ನೇ ಬಿಚ್ಚಿ ಮತ್ತೆ ಹೊಲಿದಷ್ಟು ಕೆಲಸ. ಕೊನೆಗೆ ಅವರು ಒಂದು ಬೂದು ಕೋಟಿನ ಅಸ್ತರದ ಮೂಲೆ ಬಿಚ್ಚಿದ್ದ ಕಡೆ ಬೆರಳು ತೂರಿಸಿ, ಬೆನ್ನಿನ ಹೊಲಿಗೆಯಾಚೆ ಎರಡು ಬೆರಳಗಲ ಬಿಟ್ಟಿದ್ದ ಬಟ್ಟೆಯನ್ನು ಹೊರಗೆಳೆದು ತೋರಿಸಿದರು. ಹಳೆಯ ದರ್ಜಿ ಹೀಗೆ ಬಿಡುತ್ತಿದ್ದ, ಮೈ ಬಂದರೆ ಹಿಗ್ಗಿಸಲಿ ಎಂದು. ಈಗಿನ ಕಂಪನಿ ಕೋಟುಗಳಲ್ಲಿ ಅಷ್ಟು ಬಟ್ಟೆ ಸಿಗುವುದು ಅಪರೂಪ. ಆ ಮಡಿಕೆ ಬಿಸಿಲು ಕಾಣದೆ ಗಾಢ ಬೂದು ಬಣ್ಣದಲ್ಲೇ ಉಳಿದಿತ್ತು, ಹೊರಗಿನ ಬಟ್ಟೆ ಸ್ವಲ್ಪ ಮಾಸಿತ್ತು.

ಅಳತೆಯ ಲೆಕ್ಕ ಬೇರೆ. ಇಟಲಿಯ ಗಂಡಸರ 48 ನಂಬರ್ ಕೋಟು ನಮ್ಮ 38. ಹತ್ತು ಕಳೆದರೆ ಆಯಿತು. ಹೆಂಗಸರಿಗೆ ಇಟಲಿಯ 42 ಎಂದರೆ ಫ್ರಾನ್ಸಿನ 38, ಜರ್ಮನಿಯ 36. ಒಂದೇ ಸಂತೆಯಲ್ಲಿ ಮೂರು ದೇಶದ ಬಟ್ಟೆ ಇರುವುದರಿಂದ ನಂಬರ್ ನಂಬದೆ ತೊಟ್ಟು ನೋಡುವುದೇ ಮೇಲು. ಹಳೆಯ ಬಟ್ಟೆ ಎಂದು ಮುಜುಗರ ಪಡುವವರು ಡ್ರೈಕ್ಲೀನ್ ಮಾಡಿಸಿ ತೊಡಬಹುದು.

ರಾಶಿಯಲ್ಲಿ ನನಗೆ ತುಂಬಾ ಹಿಡಿಸಿದ್ದು ರೇಷ್ಮೆ ಸ್ಕಾರ್ಫುಗಳು. ಅಂಚನ್ನು ಕೈಯಲ್ಲಿ ಸುರುಳಿ ಸುತ್ತಿ ಹೊಲಿದದ್ದನ್ನು ಆರಿಸಿಕೊಂಡೆ, ಅದೂ 5 ಯೂರೋ. ಬಸಿಲಿಕಾಗಳಲ್ಲಿ ಭುಜ, ಮೊಣಕಾಲು ಮುಚ್ಚಿರಬೇಕೆಂಬ ನಿಯಮವಿದೆ. ತೋಳಿಲ್ಲದ ಅಂಗಿ ತೊಟ್ಟವರಿಗೆ ಇದೇ ಸ್ಕಾರ್ಫ್ ಹೆಗಲಿಗೂ ಆಗುತ್ತದೆ. ನಮ್ಮವರಿಗೆ ಕೊಳ್ಳುವ ಅಗತ್ಯವೂ ಇಲ್ಲ, ಮನೆಯಿಂದ ಒಳ್ಳೆಯ ರೇಷ್ಮೆ ದುಪಟ್ಟಾ ತಂದರೆ ರೋಮಿನ ಹೆಂಗಸರೇ ತಿರುಗಿ ನೋಡುತ್ತಾರೆ. ಬೆಂಗಳೂರಿನಿಂದ ಹೊರಡುವಾಗ ಹೊಸ ದಪ್ಪ ಜಾಕೆಟ್‌ಗೆ ಎಂಟು ಹತ್ತು ಸಾವಿರ ಸುರಿದು, ಪೆಟ್ಟಿಗೆಯ ಅರ್ಧ ಜಾಗ ಅದಕ್ಕೇ ಕೊಟ್ಟು, ಎಲ್ಲ ಫೋಟೊದಲ್ಲೂ ಅದೊಂದರಲ್ಲೇ ನಿಲ್ಲುವವರನ್ನು ಕಂಡರೆ ಸಂಕಟವಾಗುತ್ತದೆ. ಗಾಢ ಬಣ್ಣದ ಎರಡು ಪ್ಯಾಂಟು, ಬಿಳಿ ಅಂಗಿ, ಇಲ್ಲಿಂದ ಒಂದು ಕೋಟು, ಎರಡು ಸ್ಕಾರ್ಫ್ ಇದ್ದರೆ ರೋಮ್ ಮಾತ್ರವಲ್ಲ, ಫ್ಲಾರೆನ್ಸ್, ಪ್ಯಾರಿಸ್ ಕೂಡ ನಡೆದುಹೋಗುತ್ತದೆ. ದುಡ್ಡು ಹಾಕುವುದಾದರೆ ಷೂಗೆ ಹಾಕಬೇಕು. ರೋಮಿನ ಹಳೆ ಬೀದಿಗಳ ಕಪ್ಪು ಕಲ್ಲುಹಾಸಿನ ಸಂದುಗಳಲ್ಲಿ ಎತ್ತರದ ಹಿಮ್ಮಡಿ ಸಿಕ್ಕಿಕೊಳ್ಳುತ್ತದೆ.

ಈ ಬಟ್ಟೆಗಳೆಲ್ಲ ಎಲ್ಲಿಂದ ಬರುತ್ತವೆ ಎಂದು ಕೇಳಿದೆ. ಫ್ಲಾರೆನ್ಸ್ ಪಕ್ಕದ ಪ್ರಾತೋ, ನೇಪಲ್ಸ್ ಬಳಿಯ ಎರ್ಕೊಲಾನೋ ಎಂದರು. ಪ್ರಾತೋ ಊರು ಹಳೆಯ ಉಣ್ಣೆ ಚಿಂದಿಯನ್ನು ವಿಂಗಡಿಸಿ, ಬಿಡಿಸಿ, ಮತ್ತೆ ನೂಲು ಮಾಡುವ ಕಸುಬನ್ನು ಹತ್ತೊಂಬತ್ತನೇ ಶತಮಾನದಿಂದ ನಡೆಸಿಕೊಂಡು ಬಂದಿದೆ. ಅಲ್ಲಿನ ಕೈಗಳು ಬಟ್ಟೆ ಮುಟ್ಟಿಯೇ ಕಾಶ್ಮೀರ ಉಣ್ಣೆಯನ್ನೂ ಕುರಿಯುಣ್ಣೆಯನ್ನೂ ಬೇರೆ ಮಾಡುತ್ತವೆ. ಯುರೋಪು ಬಿಟ್ಟ ಚಿಂದಿ ನಮ್ಮ ಪಾಣಿಪತ್‌ಗೂ ಬಂದು ಕಂಬಳಿಯಾಗುತ್ತದೆ ಎಂದು ನಾನು ಹೇಳಿದಾಗ ಮುದುಕರು ಹುಡುಗನಿಂದ ಮತ್ತೊಮ್ಮೆ ಹೇಳಿಸಿ ಕೇಳಿಸಿಕೊಂಡರು.

ಅವರ ದೂರು ಇದು: ಒಳ್ಳೆಯ ಮಾಲು ಈಗ ಸಂತೆಗೆ ಬರುವ ಮೊದಲೇ ಫೋನಿನಲ್ಲಿ ಮಾರಾಟವಾಗುತ್ತದೆ. ಬರುವ ಮೂಟೆಯಲ್ಲಿ ಎರಡು ಸಲ ಒಗೆದರೆ ಜೋಲುಬೀಳುವ ಅಗ್ಗದ ಫ್ಯಾಷನ್ನೇ ಜಾಸ್ತಿ. ಇಟಲಿಯಲ್ಲಿ 2022ರಿಂದ, ಇಡೀ ಯುರೋಪ್ ಒಕ್ಕೂಟದಲ್ಲಿ 2025ರಿಂದ ಹಳೆ ಬಟ್ಟೆಯನ್ನು ಕಸದಿಂದ ಬೇರೆಯಾಗಿ ಸಂಗ್ರಹಿಸಲೇಬೇಕೆಂಬ ನಿಯಮ ಬಂದಿದೆ, ಆದರೆ ರಾಶಿ ಹೆಚ್ಚಾದ ಮಾತ್ರಕ್ಕೆ ಉಣ್ಣೆ ಹೆಚ್ಚಾಗುವುದಿಲ್ಲವಲ್ಲ ಎಂದರು. ಅಕ್ಕಪಕ್ಕದ ಹಳೆ ಬಟ್ಟೆ ಅಂಗಡಿಗಳು ಒಂದೊಂದಾಗಿ ಹೊಸ ಪಾಲಿಯೆಸ್ಟರ್‌ಗೆ ತಿರುಗಿವೆ. ಕೋಟು ಬಿಚ್ಚಿ ಹೊಲಿಯುವ ದರ್ಜಿಗಳೂ ಕಡಿಮೆಯಾಗಿದ್ದಾರೆ. ಮುದುಕರು ನನ್ನನ್ನು ಕಳಿಸಿದ ಹಿಂದಿನ ಗಲ್ಲಿಯ ದರ್ಜಿ ಹೆಂಗಸು, ನಾನು ಅವರಲ್ಲಿ ಕೊಂಡ ಕೋಟಿನ ತೋಳು ಗಿಡ್ಡ ಮಾಡಿಕೊಡಲು ಮರುದಿನಕ್ಕೆ ಹೇಳಿದಳು, ಮಾತಿನಂತೆ ಕೊಟ್ಟಳು. ಕೋಟಿಗಿಂತ ಹೊಲಿಗೆಗೆ ಕಡಿಮೆಯೇ ಆಯಿತು, ಇನ್ನಷ್ಟು ಕೇಳಿದ್ದರೂ ಸಂತೋಷವಾಗಿ ಕೊಡುತ್ತಿದ್ದೆ.

ಭಾನುವಾರ ಸಂತೆಗೆ ರಜೆ. ಬೇರೆ ದಿನ ಬೆಳಿಗ್ಗೆಯೇ ಹೋಗಬೇಕು, ಮಧ್ಯಾಹ್ನ ಎರಡರ ಹೊತ್ತಿಗೆ ಹಿಂದಿನ ಸಾಲಿನವರು ಮೂಟೆ ಕಟ್ಟತೊಡಗುತ್ತಾರೆ. ಎಲ್ಲಿಯಾದರೂ ರಸ್ತೆ ಬದಿಯಲ್ಲಿ ದೊಡ್ಡ ಬ್ರ್ಯಾಂಡ್‌ನ ನಕಲಿ ಚೀಲ ಚಾಚಿದರೆ ಮುಟ್ಟಬೇಡಿ, ಇಟಲಿಯಲ್ಲಿ ನಕಲಿ ಮಾಲು ಕೊಂಡವರಿಗೂ 7000 ಯೂರೋವರೆಗೆ ದಂಡವಿದೆ. ನಮ್ಮ ಟೂರ್ ಬಸ್ಸುಗಳಲ್ಲಿ ಕೆಲವು ಶಾಪಿಂಗ್‌ಗೆಂದು ಊರಾಚೆಯ ದೊಡ್ಡ ಮಳಿಗೆಗಳಿಗೆ ಕರೆದೊಯ್ದು ಅರ್ಧ ದಿನ ಕಳೆಯುತ್ತವೆ. ಲ್ಯಾಟರನ್ ಬಸಿಲಿಕಾ ನೋಡಲು ಹೇಗೂ ನಿಲ್ಲಿಸುವ ಬಸ್ಸು ಇನ್ನೊಂದು ಗಂಟೆ ನಿಂತರೆ ಸಾಕು, ಹೆಬ್ಬಾಗಿಲು ದಾಟಿ ಬಲಕ್ಕೋ ಎಡಕ್ಕೋ ಎಂದು ಯಾರನ್ನು ಕೇಳಿದರೂ ಸಂತೆಯ ದಾರಿ ತೋರಿಸುತ್ತಾರೆ.